ಉಣುಗಿಗೆ ಮಂಗ ‘ಆತಿಥೇಯ’ವಂತೆ! ಸಂಶೋಧನೆಯನ್ನು ಊರವರ ಕನ್ನಡಕ್ಕೆ ತರುವ ಬಗೆ

ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಮಂಗನ ಕಾಯಿಲೆ ಬಗ್ಗೆ ಸಭೆ ಇತ್ತು. ಉಣುಗು, ಅಂದರೆ ರಕ್ತ ಹೀರುವ ಉಣ್ಣಿ, ಕಚ್ಚಿ ಬರುವ ಜ್ವರ ಅದು. ಪಿಎಚ್‌ಡಿ ಮಾಡುತ್ತಿದ್ದ ಹುಡುಗನೊಬ್ಬ ತನ್ನ ಕೆಲಸವನ್ನು ಕನ್ನಡದಲ್ಲೇ ಬರೆದುಕೊಂಡು ಬಂದು ಓದಿದ. ‘ಈ ಉಣುಗಿಗೆ ಮಂಗವು ಆತಿಥೇಯ ಪ್ರಾಣಿಯಾಗಿದೆ’ ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ನಮ್ಮ ಕಡೆ ಆತಿಥ್ಯ ಅಂದರೆ ಮಣೆ ಹಾಕಿ ಕೂರಿಸಿ, ತೊಡೆದೇವು ಬಡಿಸುವುದು. ಮಂಗ ಪಾಪ, ಉಣುಗನ್ನು ಹಾಗೆಲ್ಲ ಕರೆದು ಕೂರಿಸುವುದಿಲ್ಲ. ಸಭೆ ಮುಗಿಯುವ ಹೊತ್ತಿಗೆ ಒಬ್ಬರು ಅಜ್ಜಿ ಎದ್ದು ನಿಂತು ಕೇಳಿದರು: ‘ಅದೆಲ್ಲ ಸರಿ ತಮಾ. ನಾವೀಗ ದರಗಿಗೆ ಹೋಗೋದೋ ಬ್ಯಾಡ್ವೋ?’ ದರಗು ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ.

ಹುಡುಗನಿಗೆ ಉತ್ತರ ಗೊತ್ತಿತ್ತು. ಅವನ ಪ್ರಬಂಧದಲ್ಲೂ ಇತ್ತು. ಓದಿದ ಹಾಳೆಯಲ್ಲಿ ಮಾತ್ರ ಇರಲಿಲ್ಲ.

ನಾನು ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದವನು. ಕೆಲವು ವರ್ಷಗಳಿಂದ ಇಂಥ ಪ್ರಬಂಧಗಳನ್ನು ಒಂದು ಪುಟದ ಕನ್ನಡಕ್ಕೆ ಇಳಿಸುವುದು ನನ್ನ ಬಿಡುವಿನ ಕೆಲಸ. ಇದಕ್ಕೆ ಸರಳ ಸಾರಾಂಶ ಅನ್ನೋಣ. ಯುರೋಪಿನಲ್ಲಿ ಔಷಧಿಯ ಪ್ರಯೋಗ ಮುಗಿದ ಮೇಲೆ ಫಲಿತಾಂಶವನ್ನು ಸಾಮಾನ್ಯರ ಭಾಷೆಯಲ್ಲೂ ಬರೆದು ಕೊಡಬೇಕೆಂದು ಕಾಯ್ದೆಯೇ ಇದೆ. 2014ರಲ್ಲಿ ಆದದ್ದು, 2022ರ ಜನವರಿ ಕೊನೆಗೆ ಜಾರಿಗೆ ಬಂತು. ನಮ್ಮಲ್ಲಿ ಇರುವಕ್ಕಿಯ ಕೃಷಿ–ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ನಮ್ಮದೇ ತೋಟ, ನಮ್ಮದೇ ಕಾಡಿನ ಮೇಲಿನ ಪ್ರಬಂಧ ಹೆಚ್ಚಾಗಿ ಇಂಗ್ಲಿಷಿನಲ್ಲೇ ಅಚ್ಚಾಗುತ್ತದೆ. ಅದನ್ನು ಮನೆಗೆ ತರುವವರು ನೀವಾಗಬಹುದು. ವಿದ್ಯಾರ್ಥಿಯೋ, ಆಶಾ ಕಾರ್ಯಕರ್ತೆಯೋ, ಸೊಸೈಟಿ ಕಾರ್ಯದರ್ಶಿಯೋ, ಯಾರಾದರೂ ಸರಿ. ನಾನು ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಯಾರಿಗೆ ಬರೆಯುತ್ತಿದ್ದೀರಿ?

‘ಸಾರ್ವಜನಿಕರಿಗೆ’ ಅನ್ನಬೇಡಿ. ಸಾರ್ವಜನಿಕರು ಅನ್ನುವ ಒಬ್ಬ ಮನುಷ್ಯ ಎಲ್ಲೂ ಇಲ್ಲ. ನಿಮಗೆ ಗೊತ್ತಿರುವ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎರಡು ಎಕರೆ ತೋಟದ ಭಾವ ಇರಬಹುದು, ಅಡಿಕೆ ಕೊನೆ ತೆಗೆಯಲು ಬರುವ ಕೊನೆಗಾರ ಇರಬಹುದು, ದರಗು ಗುಡಿಸಲು ಹೋಗುವ ಆ ಅಜ್ಜಿ ಇರಬಹುದು. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅವರು ಕೇಳುವ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆಯಿರಿ. ಒಂದೇ ಪ್ರಬಂಧದಿಂದ ಅಜ್ಜಿಗೆ ಬೇಕಾದದ್ದು ಬೇರೆ, ಆಶಾ ಕಾರ್ಯಕರ್ತೆಗೆ ಬೇಕಾದದ್ದು ಬೇರೆ. ಇಬ್ಬರಿಗೂ ಒಂದೇ ಹಾಳೆ ಮಾಡಲು ಹೋದರೆ ಇಬ್ಬರೂ ಓದುವುದಿಲ್ಲ.

ಪ್ರಬಂಧ ಓದುವ ಕ್ರಮ

ಮೊದಲಿಂದ ಕೊನೆವರೆಗೆ ಓದಿದರೆ ಸುಸ್ತಾಗುತ್ತದೆ. ಮೇಲಿನ ಸಾರಾಂಶ ಓದಿ. ಆಮೇಲೆ ಪೀಠಿಕೆಯ ಕೊನೆಯ ಪ್ಯಾರಾಕ್ಕೆ ಹಾರಿ. ಅವರು ಏನನ್ನು ಹುಡುಕಲು ಹೊರಟಿದ್ದರು ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಅಲ್ಲಿಂದ ನೇರ ಕೋಷ್ಟಕಗಳಿಗೆ ಬನ್ನಿ. ಕೋಷ್ಟಕದಲ್ಲಿ ಬಣ್ಣದ ಮಾತು ಇರುವುದಿಲ್ಲ. ಕೊನೆಗೆ ಲೇಖಕರು ತಮ್ಮ ಕೆಲಸದ ಕೊರತೆ ಹೇಳಿಕೊಂಡಿರುವ ಜಾಗ ಹುಡುಕಿ, ಎರಡು ಸಲ ಓದಿ. ಪತ್ರಿಕೆಯವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ.

ಓದುತ್ತಾ ಇಷ್ಟನ್ನು ಗುರುತು ಹಾಕಿಕೊಳ್ಳಿ. ಎಲ್ಲಿ ಮಾಡಿದ್ದು, ಯಾವ ವರ್ಷ, ಎಷ್ಟು ಜನ ಅಥವಾ ಎಷ್ಟು ಮರ, ಯಾವುದಕ್ಕೆ ಹೋಲಿಸಿದ್ದು, ದುಡ್ಡು ಕೊಟ್ಟವರು ಯಾರು. ಮದ್ದಿನ ಕಂಪನಿಯೇ ದುಡ್ಡು ಕೊಟ್ಟಿದ್ದರೆ ಸಾರಾಂಶದಲ್ಲಿ ಅದು ಬರಲೇಬೇಕು. ಅದರಿಂದ ಪ್ರಬಂಧ ಸುಳ್ಳಾಗುವುದಿಲ್ಲ. ಆದರೆ ಅದನ್ನು ತಿಳಿಯುವುದು ಓದುವವರ ಹಕ್ಕು.

ಈಗ ಪ್ರಬಂಧ ಮುಚ್ಚಿಡಿ. ಅಜ್ಜಿಯ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಬರೆಯಿರಿ. ಬರೆಯಲು ಆಗಲಿಲ್ಲವಾ? ನಿಮಗಿನ್ನೂ ಅರ್ಥವಾಗಿಲ್ಲ ಅಂತ. ನನಗಂತೂ ಹತ್ತರಲ್ಲಿ ಆರು ಸಲ ಹೀಗಾಗುತ್ತದೆ. ಮತ್ತೆ ತೆರೆದು ಓದುತ್ತೇನೆ. ಆ ಒಂದು ವಾಕ್ಯವೇ ನಿಮ್ಮ ಸಾರಾಂಶದ ಮೊದಲ ಸಾಲು. ಹಿನ್ನೆಲೆ, ಇತಿಹಾಸ ಎಲ್ಲ ಆಮೇಲೆ.

ಪದಗಳ ಜಗಳ

ಹೆಚ್ಚು ಹೊತ್ತು ಹಿಡಿಯುವುದು ಇದೇ.

ನಮ್ಮಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಇಂಗ್ಲಿಷ್ ಪದಕ್ಕೆ ಸಂಸ್ಕೃತದ ಪದ ಹುಡುಕಿ ಕೂರಿಸುವುದು. ‘ಪ್ರತಿಕಾಯ’ ಅಂದರೆ ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ, ‘ಆಂಟಿಬಾಡಿ’ ಅಂದರೆ ಕೊರೊನಾ ಕಂಡ ಮೇಲೆ ಅರ್ಧ ಊರಿಗೆ ಗೊತ್ತು. ಡೋಸ್, ಬೂಸ್ಟರ್, ಪಾಸಿಟಿವ್, ಟೆಸ್ಟ್ ಎಲ್ಲ ಈಗ ಕನ್ನಡವೇ. ಹಾಗೇ ಬರೆಯಿರಿ. ಎರಡನೆಯದು, ಪದ ಕನ್ನಡದ್ದೇ ಆಗಿದ್ದು ಅರ್ಥ ದಾರಿ ತಪ್ಪುವುದು. ‘ಆತಿಥೇಯ’ ಅಂಥದ್ದು. ‘ಉಣುಗು ಮಂಗನ ಮೈ ಹತ್ತಿ ರಕ್ತ ಕುಡಿದು ಬದುಕುತ್ತದೆ’ ಅಂದರೆ ಮುಗಿಯಿತು. ‘ನಿಯಂತ್ರಣ ಗುಂಪು’ ಅಂತ ಬರೆದರೆ ರೋಗ ನಿಯಂತ್ರಣಕ್ಕೆ ಬಂದ ಮರಗಳು ಎಂದುಕೊಳ್ಳುತ್ತಾರೆ. ಅದು ‘ಹೋಲಿಸಿ ನೋಡಲೆಂದು ಮದ್ದು ಹೊಡೆಯದೆ ಬಿಟ್ಟ ಮರಗಳು’.

ಇವುಗಳಲ್ಲೆಲ್ಲ ಕೇಡಿ ಅಂದರೆ ‘ಗಮನಾರ್ಹ’. ಸಂಶೋಧಕರು ಲೆಕ್ಕಶಾಸ್ತ್ರದ ಅರ್ಥದಲ್ಲಿ ಆ ಮಾತು ಹೇಳುತ್ತಾರೆ. ಈ ವ್ಯತ್ಯಾಸ ಬರೀ ಅದೃಷ್ಟದಿಂದ ಬಂದಿರುವ ಸಂಭವ ಕಡಿಮೆ ಅಂತ, ಅಷ್ಟೇ. ವ್ಯತ್ಯಾಸ ದೊಡ್ಡದು ಅಂತಲ್ಲ. ಸುಮ್ನೆ ಉದಾಹರಣೆಗೆ, ಸಾವಿರಾರು ಮರ ನೋಡಿದ ಒಂದು ಪ್ರಯೋಗದಲ್ಲಿ ಹಳೆ ಮದ್ದಿಗೆ ನೂರಕ್ಕೆ 12 ಕಾಯಿ ಉದುರಿದವು, ಹೊಸ ಮದ್ದಿಗೆ 11 ಉದುರಿದವು ಅನ್ನಿ. ಲೆಕ್ಕದಲ್ಲಿ ಅದು ‘ಗಮನಾರ್ಹ’ ಆಗಬಹುದು. ಆ ಒಂದು ಕಾಯಿಗೋಸ್ಕರ ಎರಡು ಪಟ್ಟು ದುಡ್ಡು ಕೊಟ್ಟು ಮದ್ದು ತರುವವನು ಯಾರು? ಹಾಗಾಗಿ ಆ ಪದ ಬಿಟ್ಟು 12 ಮತ್ತು 11 ಎರಡನ್ನೂ ಬರೆದುಬಿಡಿ. ಗಮನ ಕೊಡಬೇಕೋ ಬೇಡವೋ ಓದುವವರು ನೋಡಿಕೊಳ್ಳುತ್ತಾರೆ.

ನಮ್ಮ ಹಳ್ಳಿಯ ಪದಗಳನ್ನು ಬಳಸಲು ನಾಚಿಕೆ ಬೇಡ. ವಿಜ್ಞಾನಿಗಳಿಗೇ ಇಲ್ಲ. ಕಾಫಿಗೆ ಬರುವ ಕೊಳೆ ರೋಗದ ಶಿಲೀಂಧ್ರದ ಶಾಸ್ತ್ರೀಯ ಹೆಸರು ಕೊಳೆರೋಗ ನೋಕ್ಸಿಯಾ. ಮೊಟ್ಟೆಗೆ ಕೆಸರು ಮೆತ್ತುವ ಕಪ್ಪೆಯೊಂದಕ್ಕೆ 2014ರಲ್ಲಿ ‘ಕುಂಬಾರ’ ಅಂತಲೇ ಹೆಸರಿಟ್ಟರು. ಪಶ್ಚಿಮ ಘಟ್ಟದ ಕಾಳಿಂಗ ಸರ್ಪ ಬೇರೆಯದೇ ಜಾತಿ ಎಂದು 2024ರಲ್ಲಿ ತೀರ್ಮಾನವಾದಾಗ ಅದರ ಹೆಸರಿಗೂ ‘ಕಾಳಿಂಗ’ ಸೇರಿತು. ಪ್ರಪಂಚದ ವಿಜ್ಞಾನಿಗಳು ಕಾಳಿಂಗ ಅನ್ನುವಾಗ ನಾವು ‘ಬೃಹತ್ ವಿಷಸರ್ಪ ಪ್ರಭೇದ’ ಅಂತ ಒದ್ದಾಡುವುದು ಯಾಕೆ?

ಆದರೆ ಊರಿನ ಪದವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ‘ಮಂಗನ ಕಾಯಿಲೆ’ಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಪತ್ತೆಯಾದ ಕಾಯಿಲೆ ಇದು. ಶಾಸ್ತ್ರದವರು ಕ್ಯಾಸನೂರು ಕಾಡಿನ ಕಾಯಿಲೆ ಅಂದರು, ಊರವರು ಮಂಗನ ಕಾಯಿಲೆ ಅಂದರು. ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಸೋಂಕಿದ ಉಣುಗು, ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ಮಂಗ, ಮುಸುವ ನಮ್ಮ ಹಾಗೇ ಕಾಯಿಲೆ ಬಿದ್ದು ಸಾಯುವ ಪ್ರಾಣಿಗಳು. ಸತ್ತ ಮಂಗನ ಮೈಯಿಂದ ಉಣುಗು ಕೆಳಗೆ ಇಳಿಯುತ್ತದೆ, ಅದಕ್ಕೇ ಹತ್ತಿರ ಹೋಗಬಾರದು ಅನ್ನುವುದು. ಹೆಸರು ನೋಡಿ ‘ಮಂಗ ಓಡಿಸಿದರೆ ಕಾಯಿಲೆ ಹೋಯ್ತು’ ಅಂದುಕೊಂಡವರನ್ನು ನಾನು ಕಂಡಿದ್ದೇನೆ. ಇಂಥ ಕಡೆ ಊರಿನ ಹೆಸರನ್ನೇ ಬರೆಯಿರಿ, ಇಲ್ಲದಿದ್ದರೆ ಯಾವುದರ ಬಗ್ಗೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಮರುವಾಕ್ಯದಲ್ಲೇ ‘ಕಚ್ಚಿ ಅಂಟಿಸುವುದು ಉಣುಗು’ ಎಂದು ಸೇರಿಸಿ.

ಮೊಬೈಲಿನಲ್ಲಿ ಅನುವಾದ ಮಾಡಿಸಿ ಹಾಗೇ ಅಂಟಿಸುವವರಿಗೆ ಒಂದು ಮಾತು. ಏನಿದೆ ಅಂತ ಒಮ್ಮೆ ನೋಡಲು ಅದು ಚೆನ್ನಾಗಿದೆ. ಆದರೆ ಆತಿಥೇಯನೂ ನಿಯಂತ್ರಣ ಗುಂಪೂ ಬಹಳ ಸಲ ಒಳಗೆ ನುಸುಳುವುದು ಆ ಬಾಗಿಲಿನಿಂದಲೇ.

ವಾಕ್ಯದ ಬಗ್ಗೆ ಎರಡೇ ಸೂಚನೆ. ‘ಸಂಗ್ರಹಿಸಲ್ಪಟ್ಟವು’, ‘ಗಮನಿಸಲ್ಪಟ್ಟಿತು’ ಅನ್ನುವುದನ್ನೆಲ್ಲ ಕಿತ್ತು ಹಾಕಿ, ಯಾರು ಮಾಡಿದರು ಅಂತ ಹೇಳಿ. ಇನ್ನೊಂದು, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಕಳೆದ ಮೂರು ವರ್ಷಗಳಲ್ಲಿ ತೀರ್ಥಹಳ್ಳಿ ಭಾಗದ ಎಲೆ ಚುಕ್ಕಿ ರೋಗ ತಗುಲಿದ ತೋಟಗಳಿಂದ ತಂದು ಪ್ರಯೋಗಾಲಯದಲ್ಲಿ ಬೆಳೆಸಿದ ಶಿಲೀಂಧ್ರಗಳ ಮೇಲೆ…’ ಅಂತ ಎಳೆದುಕೊಂಡು ಹೋದರೆ, ಏನಾಯಿತು ಎಂದು ತಿಳಿಯುವ ಹೊತ್ತಿಗೆ ಓದುವವರು ಮೊದಲ ಪದ ಮರೆತಿರುತ್ತಾರೆ. ಒಂದನ್ನು ಮೂರು ಮಾಡಿ.

ಅಂಕಿ: ನಾನು ಮುಗ್ಗರಿಸಿದ ಜಾಗ

ಅಳತೆ ಮೊದಲು ಮುಗಿಸೋಣ. ಹೆಕ್ಟೇರನ್ನು ಎಕರೆಗೆ ತನ್ನಿ (ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ). ಮಿಲಿಮೀಟರ್ ಮಳೆಯನ್ನು ಇಂಚಿಗೆ ತನ್ನಿ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,600 ಮಿ.ಮೀ. ಆಸುಪಾಸು ಅಂದರೆ ತಲೆ ಅಲ್ಲಾಡಿಸುತ್ತಾರೆ, 300 ಇಂಚು ಅಂದರೆ ಹುಬ್ಬೇರಿಸುತ್ತಾರೆ. ‘ಶೇಕಡಾ 1ರ ಬೋರ್ಡೋ ದ್ರಾವಣ’ ಅಂತ ಬರೆದು ನಿಲ್ಲಿಸಬೇಡಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಅನ್ನಿ. ಮದ್ದು ಹೊಡೆಯುವವರು ಡ್ರಮ್ಮಿನ ಪಕ್ಕ ನಿಂತು ಶೇಕಡಾ ಲೆಕ್ಕ ಹಾಕುವುದಿಲ್ಲ.

ಈಗ ಕಷ್ಟದ್ದು. ಮಂಗನ ಕಾಯಿಲೆಯ ಹಳೆಯ ಲಸಿಕೆ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕರ್ನಾಟಕದ 2005ರಿಂದ 2010ರವರೆಗಿನ ದಾಖಲೆ ಹಿಡಿದು ಮಾಡಿದ್ದು. ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಎರಡು ಡೋಸಿಗೆ ಪರಿಣಾಮ 62.4%. ಬೂಸ್ಟರ್ ಕೂಡ ತೆಗೆದುಕೊಂಡವರಲ್ಲಿ 82.9%. ನನ್ನ ಮೊದಲ ಸಾರಾಂಶದಲ್ಲಿ ನಾನು ಜಂಬದಿಂದ ಬರೆದೆ: ‘ಎರಡು ಡೋಸ್ ಪಡೆದ 100 ಜನರಲ್ಲಿ 62 ಜನರಿಗೆ ಕಾಯಿಲೆ ಬರುವುದಿಲ್ಲ.’ ಹಾಳೆ ಓದಿದ ಒಬ್ಬ ತಾಯಿ ಕೇಳಿದರು, ‘ಹಾಗಾದ್ರೆ ಉಳಿದ 38 ಜನರಿಗೆ ಬಂದೇ ಬರುತ್ತಾ ಸರ್?’ ನನ್ನ ಹತ್ತಿರ ಮಾತಿರಲಿಲ್ಲ. ಲಸಿಕೆ ಹಾಕಿಸಿಕೊಳ್ಳದ 100 ಜನರಲ್ಲೂ ಹೆಚ್ಚಿನವರಿಗೆ ಈ ಕಾಯಿಲೆ ಬರುವುದಿಲ್ಲ. ನಾನು ಬರೆದದ್ದು ಪೂರ್ತಿ ತಪ್ಪು.

ಸರಿಯಾದದ್ದು ಹೀಗೆ. ಎರಡು ಊರು ಎಂದುಕೊಳ್ಳಿ. ಜನ ಅಷ್ಟೇ, ಕಾಡಿಗೆ ಹೋಗುವುದೂ ಅಷ್ಟೇ. ಒಂದೂರಿನಲ್ಲಿ ಯಾರೂ ಲಸಿಕೆ ಹಾಕಿಸಿಲ್ಲ, ಅಲ್ಲಿ 100 ಜನ ಕಾಯಿಲೆ ಬಿದ್ದರು. ಇನ್ನೊಂದೂರಿನಲ್ಲಿ ಎಲ್ಲರೂ ಎರಡು ಡೋಸ್ ತೆಗೆದುಕೊಂಡಿದ್ದಾರೆ, ಅಲ್ಲಿ ಸುಮಾರು 38 ಜನ ಕಾಯಿಲೆ ಬೀಳುತ್ತಾರೆ. ಬೂಸ್ಟರ್ ಕೂಡ ತೆಗೆದುಕೊಂಡಿದ್ದರೆ ಸುಮಾರು 17. ಹೋಲಿಕೆ ಎರಡು ಊರಿನ ಕಾಯಿಲೆಯವರ ನಡುವೆ. ಇಷ್ಟು ಹೇಳಲು ಐದಾರು ವಾಕ್ಯ ಬೇಕು. ಕೊಡಿ, ಜಿಪುಣತನ ಬೇಡ. ಜಾಗ ಸಾಲದಿದ್ದರೆ ಬೇರೆಲ್ಲಾದರೂ ಕತ್ತರಿಸಿ.

ಇನ್ನೂ ಒಂದು ಮೆಟ್ಟಿಲಿದೆ. ಆ 62.4%ರ ಪಕ್ಕದಲ್ಲಿ ಪ್ರಬಂಧ ಇನ್ನೆರಡು ಅಂಕಿ ಕೊಡುತ್ತದೆ: 26.1ರಿಂದ 80.8. ಸಿಕ್ಕಿದ ದಾಖಲೆಯಿಂದ ಇದಕ್ಕಿಂತ ಖಚಿತವಾಗಿ ಹೇಳಲು ಬರುವುದಿಲ್ಲ, ನಿಜವಾದ ಅಂಕಿ ಇದರೊಳಗೆ ಎಲ್ಲಾದರೂ ಇರಬಹುದು ಅಂತ. ಅಂದರೆ ಎರಡನೇ ಊರಿನಲ್ಲಿ 38 ಅಲ್ಲ, 19ರಿಂದ 74ರವರೆಗೆ ಎಷ್ಟಾದರೂ ಆಗಬಹುದಿತ್ತು. ಬೂಸ್ಟರಿನದು ಇಷ್ಟು ಜೋಲಾಡುವುದಿಲ್ಲ, 71.3ರಿಂದ 89.8. ಅಲ್ಲಿ ಕಾಯಿಲೆಯವರು 10ರಿಂದ 29. ಓದುವವರಿಗೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಂಡಿಗೆ ಹೋದ ಅಡಿಕೆಗೆ ಇಂಥದ್ದೇ ರೇಟು ಅಂತ ಮೊದಲೇ ಯಾರಾದರೂ ಹೇಳುತ್ತಾರಾ? ‘ಇಷ್ಟರಿಂದ ಇಷ್ಟರೊಳಗೆ’ ಅನ್ನುವುದು ನಮ್ಮ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಮಾತು.

ಸಾವಿನ ಲೆಕ್ಕ ಬರೆಯುವಾಗ ಎರಡೂ ಮುಖ ತೋರಿಸಿ. ಈ ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. 95ಕ್ಕಿಂತ ಕಡಿಮೆಯಿಲ್ಲದಂತೆ ಬದುಕುತ್ತಾರೆ. ಮೊದಲನೆಯದನ್ನು ಮಾತ್ರ ಬರೆದರೆ ಹೆದರಿಸಿದಂತೆ, ಎರಡನೆಯದನ್ನು ಮಾತ್ರ ಬರೆದರೆ ಮರೆಮಾಚಿದಂತೆ.

ಒಂದು ಮಾದರಿ

ಮೇಲಿನ ಅಧ್ಯಯನಕ್ಕೆ ನಾನು ಎರಡನೇ ಸಲ ಬರೆದ ಹಾಳೆ ಹೆಚ್ಚುಕಡಿಮೆ ಹೀಗಿತ್ತು:

‘ಮಂಗನ ಕಾಯಿಲೆ ಲಸಿಕೆ ಒಂದು ಸಲ ಚುಚ್ಚಿಸಿಕೊಂಡರೆ ಸಾಕಾ? ಸಾಲದು. ಒಂದೇ ಡೋಸ್ ಪಡೆದವರಿಗೆ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಾಯಿಲೆ ಕಡಿಮೆಯಾಯಿತು. ಬೂಸ್ಟರ್ ಕೂಡ ಪಡೆದವರಲ್ಲಿ ಇನ್ನೂ ಕಡಿಮೆಯಾಯಿತು. ಲಸಿಕೆ ಇಲ್ಲದ ಕಡೆ 100 ಜನರಿಗೆ ಕಾಯಿಲೆ ಬರುವಂತಿದ್ದರೆ, ಎರಡು ಡೋಸ್ ಪಡೆದ ಕಡೆ ಸುಮಾರು 38 ಜನರಿಗೆ, ಬೂಸ್ಟರನ್ನೂ ಪಡೆದ ಕಡೆ ಸುಮಾರು 17 ಜನರಿಗೆ ಬಂದೀತು. ಎರಡು ಡೋಸಿನ ಲೆಕ್ಕ ಅಷ್ಟು ಗಟ್ಟಿಯಲ್ಲ, 19ರಿಂದ 74ರವರೆಗೆ ಇರಬಹುದು.

ಇದು ಕರ್ನಾಟಕದ 2005ರಿಂದ 2010ರ ದಾಖಲೆಗಳನ್ನು ಹೋಲಿಸಿ ಮಾಡಿದ ಕೆಲಸ. ಯಾರಿಗೆ ಲಸಿಕೆ, ಯಾರಿಗೆ ಬೇಡ ಎಂದು ಚೀಟಿ ಎತ್ತಿ ಮಾಡಿದ ಪ್ರಯೋಗ ಅಲ್ಲ. ಲಸಿಕೆ ಹಾಕಿಸಿಕೊಂಡವರು ಬೇರೆ ರೀತಿಯಲ್ಲೂ ಜಾಸ್ತಿ ಹುಷಾರಾಗಿ ಇದ್ದಿರಬಹುದು.

ಲಸಿಕೆ ಹಾಕಿಸಿಕೊಂಡಿದ್ದರೂ ಕಾಡಿಗೆ ಹೋಗುವಾಗ ಮೈಕೈಗೆ ಉಣುಗು ಹತ್ತದಂತೆ ತಡೆಯುವ ಎಣ್ಣೆ ಹಚ್ಚಿ. ಮೈ ಮುಚ್ಚುವ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಜ್ವರ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಕಾಡಿಗೆ ಹೋಗಿದ್ದನ್ನು ಹೇಳಿ.’

ಕೊನೆಯ ಪ್ಯಾರಾ ಆ ಪ್ರಬಂಧದ ಫಲಿತಾಂಶ ಅಲ್ಲ, ಆರೋಗ್ಯ ಇಲಾಖೆಯ ಸಲಹೆ. ಅದನ್ನು ಬೇರೆ ಪ್ಯಾರಾ ಮಾಡಿ, ಸಾಧ್ಯವಾದರೆ ಗೆರೆ ಎಳೆದು ಬೇರ್ಪಡಿಸಿ. ಅಧ್ಯಯನ ಹೇಳಿದ್ದು ಯಾವುದು, ನಾವು ಸೇರಿಸಿದ್ದು ಯಾವುದು ಕಾಣಬೇಕು.

ಯಾರಿಗೂ ಬೇಡದ ಸುದ್ದಿ ಬರೆಯುವಾಗ

ನಮ್ಮ ಮನೆಯ ಅನ್ನ ಅಡಿಕೆಯದು. ಆದ್ದರಿಂದ ಇದನ್ನು ಬರೆಯುವಾಗ ನನಗೂ ಇರುಸುಮುರುಸು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಒಂದನೇ ಗುಂಪಿಗೆ ಸೇರಿಸಿತು. ಅಡಿಕೆ ಅಗಿಯುವುದರಿಂದ ಮನುಷ್ಯರಿಗೆ ಕ್ಯಾನ್ಸರ್ ಬರಬಲ್ಲದು ಎಂಬುದಕ್ಕೆ ಸಾಕ್ಷಿ ಗಟ್ಟಿಯಾಗಿದೆ ಎಂದು ಆ ಗುಂಪಿನ ಅರ್ಥ. ಎಷ್ಟು ಅಗಿದರೆ ಎಷ್ಟು ಅಪಾಯ ಎಂಬುದನ್ನು ಗುಂಪಿನ ನಂಬರ್ ಹೇಳುವುದಿಲ್ಲ. ಸಿಗರೇಟೂ ಅದೇ ಗುಂಪಿನಲ್ಲಿದೆ, ಬಿಸಿಲೂ ಅದೇ ಗುಂಪಿನಲ್ಲಿದೆ. ಎರಡರ ಅಪಾಯ ಒಂದೇ ಅಲ್ಲ ಅಲ್ವಾ?

ಇಲ್ಲಿ ಎರಡು ಕಡೆ ಜಾರುವ ಸಂಭವ ಇದೆ. ‘ಅಡಿಕೆ ಸಿಗರೇಟಿನಷ್ಟೇ ವಿಷ’ ಅಂತ ಬರೆದರೆ ಗುಂಪಿನ ಅರ್ಥ ತಪ್ಪಿತು. ‘ಬಿಸಿಲೂ ಅದೇ ಗುಂಪಿನಲ್ಲಿದೆ, ಚಿಂತೆ ಬೇಡ’ ಅಂತ ಬರೆದರೆ ಬೆಳೆಗಾರನ ವಕೀಲಿಕೆ ಆಯಿತು. ಎರಡನೆಯದು ನನಗೆ ಹತ್ತಿರದ ಪಾಪ, ಅದಕ್ಕೇ ಅಂಥ ಹಾಳೆಯನ್ನು ಅಡಿಕೆ ಬೆಳೆಯದ ಒಬ್ಬರಿಗೆ ಮೊದಲು ತೋರಿಸುತ್ತೇನೆ. ನಿಮಗೂ ಇಂಥದ್ದೊಂದು ಇದ್ದೇ ಇರುತ್ತದೆ. ನಿಮ್ಮ ಹಾಗೆ ಯೋಚಿಸದವರ ಕೈಗೆ ಕೊಡಿ.

ಓದಿಸಿ ನೋಡುವುದು

ಮೊದಲು ಸಂಶೋಧಕರಿಗೇ ಕಳಿಸಿ. ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ‘ಇದರಲ್ಲಿ ಸುಳ್ಳು ಯಾವುದು’ ಅಂತ ಕೇಳಿ. ಅವರು ತಮ್ಮ ದೊಡ್ಡ ಪದಗಳನ್ನು ವಾಪಸ್ ತುರುಕಲು ನೋಡುತ್ತಾರೆ. ತಪ್ಪು ತಿದ್ದಿದ್ದನ್ನು ಒಪ್ಪಿ, ಪದ ತುರುಕಿದ್ದನ್ನು ನಯವಾಗಿ ಬಿಡಿ.

ಆಮೇಲೆ ಯಾರಿಗಾಗಿ ಬರೆದಿರೋ ಅವರಿಗೆ. ‘ಅರ್ಥ ಆಯ್ತಾ’ ಅನ್ನುವ ಪ್ರಶ್ನೆಗೆ ಮಲೆನಾಡಿನಲ್ಲಿ ಒಂದೇ ಉತ್ತರ: ‘ಹೂಂ, ಆಯ್ತು.’ ನಮ್ಮವರು ಬಂದವರ ಮನಸ್ಸು ನೋಯಿಸುವುದಿಲ್ಲ. ‘ಪಕ್ಕದ ಮನೆಯವರು ಕೇಳಿದರೆ ಹೇಗೆ ಹೇಳ್ತೀರಿ?’ ಅಂತ ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಅವರು ಹೇಳಿದ್ದು ನಿಮ್ಮ ಹಾಳೆಗಿಂತ ಚೆನ್ನಾಗಿದ್ದರೆ ಅದನ್ನೇ ಬರೆದುಕೊಳ್ಳಿ. ನನ್ನ ಹಾಳೆಗಳ ಒಳ್ಳೆಯ ಸಾಲುಗಳು ಹೀಗೆ ಕದ್ದವು. ಬೇರೆಯದೇ ಏನೋ ಹೇಳಿದರೆ ತಪ್ಪು ಹಾಳೆಯದ್ದು. ಮೂರು ನಾಲ್ಕು ಜನರಿಗೆ ಓದಿಸಿದರೆ ಸಾಕು, ಒಂದೇ ಕಡೆ ಎಲ್ಲರೂ ತಡವರಿಸುವುದು ಗೊತ್ತಾಗಿಬಿಡುತ್ತದೆ.

ಓದಲು ಬಾರದವರಿಗೆ ಅದನ್ನೇ ಎರಡು ನಿಮಿಷದ ವಾಟ್ಸಾಪ್ ಧ್ವನಿಯಾಗಿ ಕಳಿಸಿ. ಓದುವಾಗ ನಾಲಿಗೆ ತೊಡರಿದ ಜಾಗವನ್ನು ಹಾಳೆಯಲ್ಲೂ ತಿದ್ದಿ. ಅಚ್ಚು ಮಾಡಿದ ಪ್ರತಿಯನ್ನು ಹಾಲಿನ ಡೈರಿ, ಸೊಸೈಟಿ, ಬಸ್ ನಿಲ್ದಾಣದ ಗೋಡೆಗೆ ಹಚ್ಚಿ. ಅಕ್ಷರ ದೊಡ್ಡದಿರಲಿ. ಡೈರಿಗೆ ಬರುವವರು ಕನ್ನಡಕ ತಂದಿರುವುದಿಲ್ಲ.

ದಿನಾಂಕ ಹಾಕಿ

ಮೇಲೆ ದಿನಾಂಕ, ಕೆಳಗೆ ಬರೆದವರ ಹೆಸರು, ಮೂಲ ಪ್ರಬಂಧ ಎಲ್ಲಿ ಸಿಗುತ್ತದೆ ಅನ್ನುವ ಒಂದು ಸಾಲು. ಇಷ್ಟನ್ನು ನಾನು ಮೊದಲು ಮಾಡುತ್ತಿರಲಿಲ್ಲ. ಆ ಹಳೆಯ ಲಸಿಕೆ ಕೊಡುವುದನ್ನು 2022ರಲ್ಲಿ ನಿಲ್ಲಿಸಿದರು, ಹೊಸ ಲಸಿಕೆಗೆ ಕೆಲಸ ನಡೆದಿದೆ. ಅದಾಗಿ ಎಷ್ಟೋ ತಿಂಗಳ ಮೇಲೆ ಒಂದೂರಿನ ಸೊಸೈಟಿಗೆ ಹೋದಾಗ ನೋಟಿಸ್ ಬೋರ್ಡಿನಲ್ಲಿ ನನ್ನ ಹಾಳೆ ಇನ್ನೂ ಇತ್ತು. ‘ಬೂಸ್ಟರ್ ತೆಗೆದುಕೊಳ್ಳದವರು ಆರೋಗ್ಯ ಕೇಂದ್ರದಲ್ಲಿ ಕೇಳಿ’ ಅಂತ ಕೊನೆಗೆ ನಾನೇ ಸೇರಿಸಿದ್ದ ಸಾಲೂ ಇತ್ತು. ಅದನ್ನು ಓದಿಕೊಂಡು ಇಬ್ಬರು ಆರೋಗ್ಯ ಕೇಂದ್ರಕ್ಕೆ ಹೋಗಿ ಸುಮ್ನೆ ವಾಪಸ್ ಬಂದಿದ್ದರಂತೆ, ಕಾರ್ಯದರ್ಶಿ ನಗುತ್ತಾ ಹೇಳಿದರು. ಪಿನ್ನು ಕಿತ್ತು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ಈಗ ಯಾವ ಊರಿಗೆ ಯಾವ ಹಾಳೆ ಕೊಟ್ಟೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಪ್ರತಿವರ್ಷ ನವೆಂಬರಿನಲ್ಲಿ, ಉಣುಗಿನ ಕಾಲ ಶುರುವಾಗುವ ಮೊದಲು, ಅದನ್ನು ಹಿಡಿದುಕೊಂಡು ಒಂದು ಸುತ್ತು ಹೋಗಿ ಬರುತ್ತೇನೆ.